ಬೀರುವಿನಲ್ಲಿ ಮಲಗಿದ ಹಾರ್ಡ್ ಡಿಸ್ಕು

ಮನೆಯ ಹಳೆಯ ಕಂಪ್ಯೂಟರು ಕೆಟ್ಟರೆ ಅದನ್ನು ಗುಜರಿಗೆ ಹಾಕಲು ಗೃಹಸ್ಥರು ಹಿಂಜರಿಯುವುದಿಲ್ಲ. ಆದರೆ ಅದರೊಳಗಿನ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಾರೆ. ಮಗಳ ಮದುವೆಯ ಚಿತ್ರಗಳೂ ಗತಿಸಿದ ತಾತನ ಧ್ವನಿಯೂ ಅದರಲ್ಲಿರುವಾಗ ಎಸೆಯಲು ಯಾರಿಗೆ ತಾನೆ ಮನಸ್ಸು ಬಂದೀತು? ಆ ಬಿಡಿ ಡಿಸ್ಕನ್ನು ಮತ್ತೆ ಬಳಕೆಗೆ ತರುವ ಸಾಧನವೇ ‘ಎಕ್ಸ್‌ಟರ್ನಲ್ ಕೇಸ್’ ಎಂಬ ಪುಟ್ಟ ಪೆಟ್ಟಿಗೆ.

1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿನ ಆಸುಪಾಸು! ಇಂದು ಮನೆಗಳಲ್ಲಿ ಸಿಗುವವು ಮುಖ್ಯವಾಗಿ ಎರಡು ಅಳತೆಯವು. ಲ್ಯಾಪ್‌ಟಾಪಿನ 2.5 ಅಂಗುಲದ ಡಿಸ್ಕಿಗೆ ಯು.ಎಸ್.ಬಿ. ತಂತಿಯ 5 ವೋಲ್ಟ್ ವಿದ್ಯುತ್ತೇ ಸಾಕು. ಮೇಜಿನ ಕಂಪ್ಯೂಟರಿನ 3.5 ಅಂಗುಲದ್ದಕ್ಕೆ 12 ವೋಲ್ಟ್ ಕೂಡ ಬೇಕಾದುದರಿಂದ ಅಡಾಪ್ಟರ್ ಸಹಿತವಾದ ಪೆಟ್ಟಿಗೆಯನ್ನೇ ಕೊಳ್ಳಬೇಕು. ಡಿಸ್ಕಿನ ಹಿಂಬದಿಯನ್ನೂ ನೋಡಬೇಕು: ಎರಡು ಸಾಲು ಸೂಜಿಮುಳ್ಳುಗಳಿದ್ದರೆ ಅದು ಹಳೆಯ ಐ.ಡಿ.ಇ., ಚಪ್ಪಟೆಯ ‘ಎಲ್’ ಆಕಾರದ ಜೋಡಣೆಯಿದ್ದರೆ ಸಾಟಾ. ಒಂದರ ಪೆಟ್ಟಿಗೆ ಇನ್ನೊಂದಕ್ಕೆ ಒದಗದು. ತೋರಣಗಲ್ಲಿನವರು ಹೊಸಪೇಟೆಗೋ ಬಳ್ಳಾರಿಗೋ ಕೊಳ್ಳಲು ಹೋಗುವಾಗ ಡಿಸ್ಕನ್ನೇ ಜೊತೆಗೊಯ್ಯುವುದು ಲೇಸು.

ಈ ಊರಿನ ಹವೆಯನ್ನೂ ಮರೆಯುವಂತಿಲ್ಲ. ಸಂಡೂರಿನ ಬೆಟ್ಟಗಳ ಅದಿರು ಉಕ್ಕಿನ ಕಾರ್ಖಾನೆಗೆ ಬರುವ ಈ ನೆಲದಲ್ಲಿ ಕೆಂಧೂಳು ಕಿಟಕಿ ಮುಚ್ಚಿದರೂ ಒಳನುಸುಳುತ್ತದೆ. ಬೇಸಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಹೆಚ್ಚಿನ ಡಿಸ್ಕುಗಳ ತಾಪಮಿತಿ 60 ಡಿಗ್ರಿ. ಕೋಣೆಯೇ ಕಾದಿರುವಾಗ ಉಳಿಯುವ ಅಂತರ ಅತ್ಯಲ್ಪ. ಪ್ಲಾಸ್ಟಿಕ್ ಪೆಟ್ಟಿಗೆ ಅಗ್ಗವೇನೋ ಹೌದು, ಆದರೆ ಶಾಖವನ್ನು ಹೊರಬಿಡದು. ಡಿಸ್ಕಿಗೆ ಒತ್ತಿಕೊಂಡು ಕೂರುವ ಅಲ್ಯೂಮಿನಿಯಮ್ಮಿನದೇ ಮೇಲು. ಪುಟ್ಟ ಫ್ಯಾನಿನ ಪೆಟ್ಟಿಗೆ ಬೇರೆ ಊರಿಗೆ ಸೊಗಸು. ಇಲ್ಲಿ ಅದು ತಂಪಿನ ಜೊತೆಗೆ ಧೂಳನ್ನೂ ಸೆಳೆದುಕೊಂಡೀತು. ಪ್ರತಿ ಮಾಡುವ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದೇ ಸರಳೋಪಾಯ.

ವೇಗದ ಹೆಸರಿನಲ್ಲಿ ದುಬಾರಿ ಪೆಟ್ಟಿಗೆಗೆ ಮರುಳಾಗಬೇಕಿಲ್ಲ. ತಟ್ಟೆ ತಿರುಗುವ ಡಿಸ್ಕಿಗೆ ಯು.ಎಸ್.ಬಿ. 3.0 ಧಾರಾಳ. 2 ಟೆರಾಬೈಟ್ ಮೀರಿದ ಡಿಸ್ಕಾದರೆ ಪೆಟ್ಟಿಗೆ ಅದನ್ನು ಒಪ್ಪುವುದೇ ಎಂದು ಕೇಳಿಕೊಳ್ಳಬೇಕು.

ನಿಜವಾದ ಗಂಡಾಂತರವಿರುವುದು ಮೊದಲ ಜೋಡಣೆಯಲ್ಲಿ. ಕೆಲವೊಮ್ಮೆ ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಹೌದೆಂದು ಒತ್ತಿದರೆ ಮದುವೆಯೂ ಹೋಯಿತು, ತಾತನೂ ಹೋದರು! ಬೇಡವೆಂದು ಹೇಳಿ, ತಿಳಿದವರಿಗೆ ತೋರಿಸಬೇಕು. ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬಂದರಂತೂ ಯಾವ ಪೆಟ್ಟಿಗೆಯೂ ಕೈಹಿಡಿಯದು. ಕೂಡಲೇ ತಂತಿ ಕಿತ್ತು ದತ್ತಾಂಶ ಹೊರತೆಗೆಯುವ ತಜ್ಞರಿಗೆ ಒಪ್ಪಿಸಬೇಕು. ಎಲ್ಲವೂ ಸರಿಯಾಗಿ ತೆರೆದುಕೊಂಡರೆ, ಅಂದೇ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ, ಅದನ್ನು ಬೇರೂರಿನ ನೆಂಟರ ಮನೆಯಲ್ಲಿರಿಸಬಹುದು.