ತುಡುವೆಯ ಸಂಸಾರ ಕೋಣೆಯೊಳಗೆ

ಮಲೆನಾಡು, ಕೊಡಗು ಮತ್ತು ಕರಾವಳಿಯ ತೋಟಗಳಲ್ಲಿ ಮರದ ಪೆಟ್ಟಿಗೆಯಲ್ಲಿ ಸಾಕುವ ಜೇನು ಹೆಚ್ಚಾಗಿ ತುಡುವೆ. ಪೊಟರೆಯ ಕತ್ತಲೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ಸ್ವಭಾವ ಇರುವುದರಿಂದಲೇ ಅದು ಚೌಕಟ್ಟುಗಳ ಪೆಟ್ಟಿಗೆಗೆ ಒಗ್ಗಿಕೊಂಡಿದೆ. ಪೆಟ್ಟಿಗೆಯ ಕೆಳಗಿನ ಅಂತಸ್ತು ಮೊಟ್ಟೆ, ಮರಿಗಳಿರುವ ಸಂಸಾರ ಕೋಣೆ, ಮೇಲಿನದು ತುಪ್ಪ ಕೂಡಿಡುವ ಜೇನು ಕೋಣೆ. ಹೊಸದಾಗಿ ಜೇನು ಸಾಕತೊಡಗಿದವರು ಸಂಸಾರ ಕೋಣೆಯನ್ನು ತೆರೆದ ಕೂಡಲೇ ರಾಣಿಯನ್ನು ಹುಡುಕುತ್ತಾರೆ, ಕಾಣದಿದ್ದರೆ ಗಾಬರಿಗೊಂಡು ಚೌಕಟ್ಟುಗಳನ್ನೆಲ್ಲ ಎತ್ತಿ ನೋಡುತ್ತಾರೆ. ತುಡುವೆ ಇಂಥ ಕಿರುಕುಳವನ್ನು ಸಹಿಸುವ ಜೇನಲ್ಲ; ಪದೇ ಪದೇ ಕೆದಕಿದರೆ ಇಡೀ ಕುಟುಂಬ ಪೆಟ್ಟಿಗೆ ತೊರೆದು ಹೋಗುವುದುಂಟು. ರಾಣಿಯ ಇರವನ್ನು ತಿಳಿಯಲು ಅದು ಕಣ್ಣಿಗೆ ಬೀಳಲೇಬೇಕೆಂದಿಲ್ಲ, ಕಣಗಳ ತಳದಲ್ಲಿರುವ ಮೊಟ್ಟೆಗಳೇ ಸಾಕು.

ಬಿಸಿಲಿಗೆ ಬೆನ್ನು ಮಾಡಿ ನಿಂತು, ಬೆಳಕು ಹೆಗಲ ಮೇಲಿಂದ ಕಣದ ತಳಕ್ಕೆ ಬೀಳುವಂತೆ ಚೌಕಟ್ಟನ್ನು ಓರೆಯಾಗಿ ಹಿಡಿದರೆ, ದಾರದ ತುಣುಕಿನಷ್ಟು ಸಣ್ಣ ಬಿಳಿಯ ಮೊಟ್ಟೆ ಕಾಣುತ್ತದೆ. ಇಟ್ಟ ದಿನ ನೆಟ್ಟಗೆ ನಿಂತಿರುವ ಮೊಟ್ಟೆ ಮರುದಿನ ಬಾಗಿ, ಮೂರನೆಯ ದಿನ ತಳದಲ್ಲಿ ಮಲಗಿಬಿಡುತ್ತದೆ. ಆದ್ದರಿಂದ ನಿಂತ ಮೊಟ್ಟೆ ಕಂಡರೆ ರಾಣಿ ಇತ್ತೀಚಿನವರೆಗೂ ಅಲ್ಲಿ ಓಡಾಡಿದೆಯೆಂದು ನಂಬಬಹುದು. 3 ದಿನ ಮೊಟ್ಟೆಯಾಗಿ, ಸುಮಾರು 5 ದಿನ ಮರಿಹುಳುವಾಗಿ, ಮುಂದಿನ 11-12 ದಿನ ಮೇಣದ ಮುಚ್ಚಳದ ಕೆಳಗೆ ಬೆಳೆದು ಕೆಲಸಗಾರ ಜೇನು ಹೊರಬರುತ್ತದೆ. ಹೀಗಾಗಿ ಒಂದೇ ಎರಿಯಲ್ಲಿ ಕುಟುಂಬದ ಹಿಂದಿನ ಮೂರು ವಾರಗಳ ಚರಿತ್ರೆ ಸಿಗುತ್ತದೆ. ಮುಚ್ಚಿದ ಮರಿಗಳು ಧಾರಾಳವಾಗಿದ್ದು ಮೊಟ್ಟೆಯೂ ಎಳೆಯ ಮರಿಯೂ ಇಲ್ಲದಿದ್ದರೆ, ಒಂದು ವಾರದಿಂದೀಚೆಗೆ ರಾಣಿಗೆ ಏನೋ ಆಗಿದೆ.

ಒಂದು ಕಣದಲ್ಲಿ ಎರಡು ಮೂರು ಮೊಟ್ಟೆಗಳಿದ್ದು, ಅವು ತಳದ ಬದಲು ಗೋಡೆಗೆ ಅಂಟಿಕೊಂಡಿದ್ದರೆ ಅದು ರಾಣಿಯಿಲ್ಲದ ಕುಟುಂಬದ ಲಕ್ಷಣ. ಅಲ್ಲಿ ಕೆಲಸಗಾರ ಜೇನುಗಳೇ ಮೊಟ್ಟೆಯಿಡತೊಡಗಿರುತ್ತವೆ. ಅವುಗಳ ಹೊಟ್ಟೆ ಗಿಡ್ಡವಾದ್ದರಿಂದ ತಳಕ್ಕೆ ತಲುಪುವುದಿಲ್ಲ, ಕೂಡಿಕೆಯಿಲ್ಲದೆ ಇಟ್ಟ ಆ ಮೊಟ್ಟೆಗಳಿಂದ ಹುಟ್ಟುವುದೆಲ್ಲ ಗಂಡು ಜೇನು. ಆಗತಾನೆ ಮೊಟ್ಟೆಯಿಡಲು ತೊಡಗಿದ ಎಳೆಯ ರಾಣಿಯೂ ಕೆಲವು ದಿನ ಹೀಗೆ ಎರಡೆರಡು ಇಡುವುದುಂಟಾದ್ದರಿಂದ, ಅವಸರದ ತೀರ್ಮಾನಕ್ಕೆ ಬರದೆ ಒಂದು ವಾರ ಬಿಟ್ಟು ನೋಡುವುದು ಲೇಸು.

ಹೊಸಬರನ್ನು ಹೆಚ್ಚು ಹೆದರಿಸುವುದು ಗಂಡು ಜೇನಿನ ಕಣ. ಅದು ಉಳಿದವುಗಳಿಗಿಂತ ಉಬ್ಬಿದ್ದು, ಮೇಲಿನ ಮೇಣವನ್ನು ಹುಳುಗಳು ಕೆರೆದು ತೆಗೆದಾಗ ಗಟ್ಟಿಯಾದ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ರಂಧ್ರವೊಂದು ಕಾಣುತ್ತದೆ. ಇದು ರೋಗವೂ ಅಲ್ಲ, ಕೀಟದ ಕೆಲಸವೂ ಅಲ್ಲ; ತುಡುವೆಯ ಗಂಡು ಕಣಕ್ಕೆ ಸಹಜವಾದ ರಚನೆ.

ಎರಿಯ ಕೆಳಅಂಚಿನಲ್ಲಿ ನೆಲಗಡಲೆಕಾಯಿಯಂತೆ ಕೆಳಮುಖವಾಗಿ ಜೋತಿರುವುದು ರಾಣಿ ಕಣ. ಗಂಡು ಜೇನುಗಳೂ ಹೆಚ್ಚಿ, ಇಂಥ ಕಣಗಳು ಹಲವು ಕಂಡರೆ ಕುಟುಂಬ ಪಾಲಾಗಲು, ಅಂದರೆ ಹಳೆಯ ರಾಣಿ ಒಂದಷ್ಟು ಹುಳುಗಳೊಡನೆ ಹೊಸ ನೆಲೆ ಹುಡುಕಿ ಹೊರಡಲು, ಸಿದ್ಧವಾಗಿದೆ. ಕಣದ ತುದಿ ದುಂಡಗೆ ಕತ್ತರಿಸಿ ತೆರೆದಿದ್ದರೆ ಹೊಸ ರಾಣಿ ಹೊರಬಂದಿದೆ. ಪಕ್ಕದಲ್ಲಿ ತೂತಿದ್ದರೆ ಒಳಗಿದ್ದದ್ದನ್ನು ಕೊಲ್ಲಲಾಗಿದೆ. ಎರಿಯ ನಡುವೆ ತರಾತುರಿಯಲ್ಲಿ ಕಟ್ಟಿದ ರಾಣಿ ಕಣವಾದರೋ ರಾಣಿಯನ್ನು ಹಠಾತ್ತಾಗಿ ಕಳೆದುಕೊಂಡದ್ದರ ಗುರುತು.

ಆರೋಗ್ಯವಂತ ಮರಿಹುಳು ಮುತ್ತಿನ ಬಿಳುಪಿನದು, ಕಣದ ತಳದಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಬೆಳೆದ ಮರಿ ಕಣದಲ್ಲಿ ಉದ್ದಕ್ಕೆ ಚಾಚಿ ಸತ್ತು, ತಲೆಯ ಭಾಗ ಕಪ್ಪಾಗಿ ಮೇಲೆದ್ದು, ಚಿಮಟದಿಂದ ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯಿ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆ ನೆಲಕಚ್ಚಿದ್ದು ಇದರಿಂದಲೇ, ಕರ್ನಾಟಕದ ಜೇನು ಕೃಷಿಕರೂ ಆಗ ಅಪಾರ ನಷ್ಟ ಅನುಭವಿಸಿದರು. ಇದನ್ನು ನಿಶ್ಚಿತವಾಗಿ ಗುಣಪಡಿಸುವ ಔಷಧವಿಲ್ಲ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆದರೆ ರೋಗಕ್ಕೆ ಎಳೆಯ ಮರಿ ಸಿಗದೆ ಅದರ ಸರಪಳಿ ಕಡಿಯುವ ಸಂಭವವಿದೆ. ಅಂಥ ಪೆಟ್ಟಿಗೆಯ ಚೌಕಟ್ಟನ್ನು ಬೇರೊಂದಕ್ಕೆ ಎಂದೂ ಕೊಡಬಾರದು; ರೋಗದ ಪೆಟ್ಟಿಗೆಯನ್ನು ಕೊನೆಯಲ್ಲಿ ತೆರೆದು, ಕೈ, ಸಲಕರಣೆಗಳನ್ನು ತೊಳೆದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.