ಅಪ್ಪನ ಬಂದೂಕು, ಮಗಳ ಭುಜ

ಇವತ್ತು ಒಂದು ಸಣ್ಣ ವಿಷಯ. ಸಣ್ಣದು ಅಂತ ನಮಗೆ ಅನ್ನಿಸುತ್ತೆ. ಕಾನೂನಿಗೆ ಹಾಗೆ ಅನ್ನಿಸಲ್ಲ, ಅದೇ ಸಮಸ್ಯೆ.

ಶ್ರೀನಿವಾಸಪುರ ಕಡೆಯ ರೈತರೊಬ್ಬರು ಫೋನ್ ಮಾಡಿದ್ರು. ಮಾವಿನ ತೋಟ ಇದೆ, ಪಕ್ಕದಲ್ಲಿ ಕಡಲೆಕಾಯಿ ಹಾಕ್ತಾರೆ, ರಾತ್ರಿ ಕಾಡುಹಂದಿ ಕಾಟ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಬಂದೂಕು ಮನೆಯಲ್ಲಿದೆ. ಅವರಿಗೆ 70 ದಾಟಿತು, ಲೈಸೆನ್ಸ್ ಮಗಳ ಹೆಸರಿಗೆ ಆಯ್ತು. ಆದ್ರೆ ಅಪ್ಪ ಆರಡಿ ಆಳು, ಮಗಳು ಐದಡಿ. ಬಂದೂಕು ಎತ್ತಿದ್ರೆ ಹಿಂದಿನ ಮರ ಕಂಕುಳಿಗೆ ಸಿಕ್ಕಿಕೊಳ್ಳುತ್ತೆ. "ಸಾರ್, ನಮ್ಮೂರಲ್ಲೇ ಬಡಗಿ ಅವ್ನೆ. ಅರ್ಧ ಗಂಟೆ ಕೆಲಸ. ಎರಡಿಂಚು ಕೊಯ್ಸಿಬಿಡ್ಲಾ?" ಇದು ಅವರ ಪ್ರಶ್ನೆ.

ಪ್ರಶ್ನೆ ತಪ್ಪಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದ್ರೂ ತೋಟದ ಮನೆಯಲ್ಲಿ ಇಂಥ ಒಂದು ಹಳೇ ಬಂದೂಕು ಸಿಗಬಹುದು. ಹಾಗಾಗಿ ಉತ್ತರ ಎಲ್ಲರಿಗೂ ಬೇಕು.

ಮೊದಲು ಇವರ ತೊಂದರೆ ನಿಜಾನಾ ನೋಡೋಣ. ಖಂಡಿತ ನಿಜ. ಟ್ರಿಗರ್‌ನಿಂದ ಹಿಂದಿನ ಮರದ ತುದಿಯವರೆಗೆ ಒಂದು ಅಳತೆ ಇರುತ್ತೆ. ಕಾರ್ಖಾನೆಯಲ್ಲಿ ಮಾಡಿದ ಹನ್ನೆರಡು ಬೋರ್ ಬಂದೂಕಿನಲ್ಲಿ ಅದು ಹೆಚ್ಚುಕಮ್ಮಿ 14 ಇಂಚು. ಸಾಧಾರಣ ಎತ್ತರದ ಗಂಡಸಿಗೆ ಸರಿಹೋಗೋ ಅಳತೆ ಅದು. ಕುಳ್ಳಗಿರೋರ ಕೈಗೆ ಕೊಟ್ಟರೆ ಮರ ಭುಜದ ಗುಳಿಯಲ್ಲಿ ಕೂರಲ್ಲ, ತೋಳಿನ ಮೇಲೆ ಕೂರುತ್ತೆ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತಲ್ಲ, ಆ ಒದೆತ ತೋಳಿಗೆ ಬಿದ್ದು ನೀಲಿಗಟ್ಟುತ್ತೆ. ಬೆರಳು ಟ್ರಿಗರ್‌ಗೆ ನೆಟ್ಟಗೆ ಎಟುಕಲ್ಲ. ಗುರಿ ತಪ್ಪುತ್ತೆ. ಕತ್ತಲಲ್ಲಿ, ಪಕ್ಕದ ತೋಟದಲ್ಲಿ ಜನ ಮಲಗಿರೋ ಜಾಗದಲ್ಲಿ ಗುರಿ ತಪ್ಪೋದು ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಾ?

ಹಾಗಾದ್ರೆ ಕೊಯ್ಯೋದಾ? ತಡೀರಿ. ಬಂದೂಕಿನಲ್ಲಿ ಎರಡು ತುದಿ ಇವೆ. ಹಿಂದಿನ ತುದಿ ಮರ. ಮುಂದಿನ ತುದಿ ನಳಿಕೆ. ನಳಿಕೆಯ ವಿಷಯದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ನೇರವಾಗಿದೆ: ಲೈಸೆನ್ಸ್ ಇಲ್ಲದೆ ಯಾರೂ ನಳಿಕೆಯನ್ನು ಗಿಡ್ಡ ಮಾಡುವಂತಿಲ್ಲ. ಗಮನಿಸಿ, ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್ ಬೇರೆ, ಈ ಲೈಸೆನ್ಸ್ ಬೇರೆ. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ರಕ್ಷಣೆಗೆ ಅಥವಾ ಕ್ರೀಡೆಗೆ ಕೊಡೋ ಬಂದೂಕಿನ ನಳಿಕೆ 20 ಇಂಚಿಗೆ ಕಡಿಮೆ ಇರಬಾರದು. ಬೆಳೆ ಕಾಯೋಕೆ ಕಾಯ್ದೆ ಮೊದಲು ಹೇಳೋದು ಬಾಯಿಂದ ಮದ್ದು ತುಂಬೋ ಬಂದೂಕನ್ನ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಮಾತ್ರ ಬೇರೆ ಬಂದೂಕು. ನಳಿಕೆ ಮೋಟು ಮಾಡಿದ ಬಂದೂಕನ್ನ ಬಟ್ಟೆಯೊಳಗೆ ಬಚ್ಚಿಡಬಹುದು. ಅದು ಬೇಕಾಗೋದು ರೈತನಿಗಲ್ಲ, ದರೋಡೆಕೋರನಿಗೆ. ಕಾನೂನು ಗಟ್ಟಿಯಾಗಿರೋದು ಅದಕ್ಕೇ. "ಹೆಂಗೂ ಹಿಂದೆ ಎರಡಿಂಚು ತೆಗೀತೀಯ, ಮುಂದೇನೂ ನಾಕಿಂಚು ತೆಗಿ, ಹಗುರ ಆಗುತ್ತೆ" ಅಂತ ಬುದ್ಧಿ ಹೇಳೋರು ಪ್ರತಿ ಊರಲ್ಲೂ ಇರ್ತಾರೆ. ಆ ಮಾತು ಕೇಳಿದ್ರೋ, ಮುಗೀತು.

ಸರಿ, ಮರ ನಳಿಕೆಯಲ್ಲವಲ್ಲ, ಅದನ್ನ ಕೊಯ್ಸಬಹುದಲ್ಲ ಅಂತೀರಿ. ಇಲ್ಲೇ ಇರೋದು ಯಾರಿಗೂ ಗೊತ್ತಾಗದ ಗುಂಡಿ. 5ನೇ ಕಲಂ ಓದಿ. ಬಂದೂಕನ್ನ ತಯಾರಿಸೋದು, ಮಾರೋದು, ರೂಪ ಬದಲಿಸೋದು, ರಿಪೇರಿ ಮಾಡೋದು, ರಿಪೇರಿಗೆ ಅಂತ ತನ್ನ ಹತ್ತಿರ ಇಟ್ಟುಕೊಳ್ಳೋದು, ಇದಕ್ಕೆಲ್ಲ ಲೈಸೆನ್ಸ್ ಬೇಕು. ನಿಮ್ಮೂರ ಬಡಗಿ ಹತ್ತಿರ ಬಾಗಿಲು, ಕಿಟಕಿ ಮಾಡೋ ಕೈ ಇದೆ. ಆ ಲೈಸೆನ್ಸ್ ಇದೆಯಾ? ಮರ ಕೊಯ್ಯೋದು ರಿಪೇರಿನಾ ಅಲ್ವಾ ಅಂತ ಕೋರ್ಟಿನಲ್ಲಿ ವಾದ ಮಾಡಬಹುದು. ವಕೀಲರು ಆ ವಾದ ಮಾಡೋ ಹೊತ್ತಿಗೆ ಬಡಗಿ ಎಲ್ಲಿರ್ತಾನೆ? 2019ರ ತಿದ್ದುಪಡಿ ಆದ ಮೇಲೆ 5 ಮತ್ತು 6ನೇ ಕಲಂ ಮುರಿದರೆ ಕನಿಷ್ಠ ಏಳು ವರ್ಷ ಜೈಲು, ಗರಿಷ್ಠ ಜೀವಾವಧಿ. ಬಂದೂಕು ನಿಮ್ಮದು, ಕೂಲಿ ಅವನದು, ಜೈಲೂ ಅವನದೇ ಆಗಬಹುದು. ಇನ್ನೂರು, ಮುನ್ನೂರು ರೂಪಾಯಿ ಕೂಲಿಗೆ!

ಕೆಲವರು ಕೇಳ್ತಾರೆ, ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ, ನಮಗ್ಯಾಕಿಲ್ಲ? ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ವಿಸ್ತರಿಸಿತು. ಕೋಲಾರಕ್ಕೆ ಅದು ಅನ್ವಯಿಸಲ್ಲ. ಚರ್ಚೆ ಬೇಡ.

ಕಾನೂನು ಬದಿಗಿಡಿ, ಕೆಲಸ ನೋಡಿ. ಅರ್ಧ ಗಂಟೆ ಕೆಲಸ ಅಂದ್ರಲ್ಲ, ಅಲ್ಲ. ಮರದ ಹಿಂತುದಿ ಸಾಮಾನ್ಯವಾಗಿ ನೇರ ಇರಲ್ಲ, ಸ್ವಲ್ಪ ಓರೆಯಾಗಿರುತ್ತೆ. ಆ ಓರೆ ಕೆಟ್ಟರೆ ಭುಜಕ್ಕಿಟ್ಟಾಗ ನಳಿಕೆ ಮೇಲಕ್ಕೋ ಕೆಳಕ್ಕೋ ನೋಡುತ್ತೆ. ಕೆಲವು ಬಂದೂಕುಗಳ ಮರದೊಳಗೆ ಉದ್ದನೆಯ ಬೋಲ್ಟ್ ಇರುತ್ತೆ, ಗರಗಸಕ್ಕೆ ಅದು ಕಾಣಲ್ಲ. ಕೊಯ್ದ ಮೇಲೆ ಹಿಂದಿನ ತಗಡು ಕೂರಲ್ಲ, ಹೊಸ ತೂತು ಬೇಕು. ಹಸಿ ತುದಿಗೆ ಎಣ್ಣೆ ಕುಡಿಸದಿದ್ರೆ ಮಳೆಗಾಲದಲ್ಲಿ ನೀರು ಹೀರಿ ಬಿರುಕು ಬಿಡುತ್ತೆ. ಜಾಸ್ತಿ ಕೊಯ್ದರೋ, ಒದೆತಕ್ಕೆ ಹೆಬ್ಬೆರಳು ಹೋಗಿ ಮೂಗಿಗೆ ಬಡಿಯುತ್ತೆ. ಕೊಯ್ದ ಮರ ಮತ್ತೆ ಬೆಳೆಯಲ್ಲ ಸ್ವಾಮಿ.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ತೋಟಾ ಹಾಕೋ ಬಂದೂಕನ್ನ ಮಡಿಸಿದ್ರೆ ಒಳಗೆ ತೋಟಾ ಇದೆಯಾ ಇಲ್ಲವಾ ಕಣ್ಣಿಗೆ ಕಾಣುತ್ತೆ. ಬಾಯಿಂದ ಮದ್ದು ತುಂಬೋ ಬಂದೂಕಿನಲ್ಲಿ ಕಾಣಲ್ಲ. ಯಾವತ್ತೋ ಹಂದಿಗೆ ಅಂತ ತುಂಬಿಟ್ಟು ಮರೆತಿರ್ತೀರಿ. ಬಡಗಿ ಅದನ್ನ ಮಣೆ ಮೇಲಿಟ್ಟು, ಕಾಲಲ್ಲಿ ಒತ್ತಿ ಹಿಡಿದು, ಗರಗಸ ಹಾಕ್ತಾನೆ. ಎದುರಿಗೆ ಅವನ ಮಗು ಆಡ್ತಿರುತ್ತೆ. ಬಳಸಿ ಗೊತ್ತಿರೋರು ಮದ್ದು ಗಜ್ಜೋ ಕಡ್ಡಿಯನ್ನ ನಳಿಕೆಗೆ ಇಳಿಸಿ, ತಳದವರೆಗೆ ಹೋಗುತ್ತಾ ಅಂತ ನಳಿಕೆಯ ಹೊರಗೆ ಇಟ್ಟು ಅಳೆದು ನೋಡ್ತಾರೆ. ಕಡ್ಡಿ ಮೇಲೇ ನಿಂತರೆ ಒಳಗೆ ಏನೋ ಇದೆ. ಅದನ್ನ ಮನೆಯಲ್ಲಿ ಕೆದಕಬೇಡಿ, ಲೈಸೆನ್ಸ್ ಇರೋ ಕುಶಲಕರ್ಮಿಗೇ ಬಿಡಿ.

ಹಾಗಾದ್ರೆ ಆ ಮಗಳು ಏನು ಮಾಡಬೇಕು? ದಾರಿ ಇದೆ. ರಿಪೇರಿ ಲೈಸೆನ್ಸ್ ಇರೋ ಅಂಗಡಿಗೆ ಹೋಗಬೇಕು. ತಾನೇ ಹೋಗೋಕೆ ಆಗದಿದ್ರೆ, ಲೈಸೆನ್ಸ್‌ದಾರರ ಲಿಖಿತ ಒಪ್ಪಿಗೆಯೊಂದಿಗೆ ಬೇರೆಯವರು ರಿಪೇರಿಗೆ ಒಯ್ಯಬಹುದು, ಕಾಯ್ದೆಯ 3ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಮೊದಲು ಕೇಳಬೇಕಾದ್ದು ಕೊಯ್ಯೋದನ್ನಲ್ಲ, ಅಳೆಯೋದನ್ನ. ಖಾಲಿ ಬಂದೂಕಿನ ಹಿಂತುದಿಯನ್ನ ಮಡಿಸಿದ ಮೊಣಕೈಗೆ ಆನಿಸಿ ಬೆರಳು ಟ್ರಿಗರ್ ಮುಟ್ಟುತ್ತಾ ನೋಡೋದು ಹಳೇ ಅಂದಾಜು. ಪಕ್ಕಾ ಅಳತೆ ಭುಜಕ್ಕೆ ಎತ್ತಿಸಿಯೇ ತಗೋಬೇಕು. ದಪ್ಪ ರಬ್ಬರ್ ಮೆತ್ತೆ ಇದ್ದರೆ ತೆಳುವಾದದ್ದು ಹಾಕಿದ್ರೇ ಅರ್ಧ ಇಂಚು ಉಳಿಯಬಹುದು. ಹೋಗಿ ಬಂದದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಚುನಾವಣೆ ಬಂದಾಗ ಠಾಣೆಗೆ ಬಂದೂಕು ಒಪ್ಪಿಸೋರು ನೀವೇ. ಅಲ್ಲಿ ಯಾರಾದ್ರೂ "ಇದ್ಯಾಕೆ ಗಿಡ್ಡ ಆಯ್ತು" ಅಂದ್ರೆ ಆ ಕಾಗದ ಮಾತಾಡುತ್ತೆ.

ಇನ್ನೊಂದು ಮಾತು. ಬಂದೂಕಿನ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯೋ ಪರ್ಮಿಷನ್ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆ ಅನುಮತಿ ಬೇರೆ.

ಬೆಳೆದದ್ದನ್ನ ಹಂದಿ ತಿಂದ್ರೆ ರೈತನ ಹೊಟ್ಟೆ ಉರಿಯುತ್ತೆ, ನನಗೂ ಅರ್ಥ ಆಗುತ್ತೆ. ಆದ್ರೆ ಆ ಉರಿಯಲ್ಲಿ ಬಡಗಿಯ ಮನೆ ಸುಡಬಾರದು. ಫೋನ್ ಮಾಡಿದ ಯಜಮಾನರಿಗೆ ನಾನು ಹೇಳಿದ್ದೂ ಇಷ್ಟೇ: ಯಜಮಾನ್ರೇ, ಗರಗಸ ಕೆಳಗಿಡಿ. ಮಗಳನ್ನ ಕರ್ಕೊಂಡು ಲೈಸೆನ್ಸ್ ಇರೋ ಅಂಗಡಿಗೆ ಹೋಗಿ.