ಇಂಗ್ಲಿಷಿನಲ್ಲಿ ಕ್ರಿಯೆಗೂ ಕರ್ಮಕ್ಕೂ ನಡುವಣ ಅವ್ಯಯ

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ತಮ್ಮ ಕರ್ಮವನ್ನು ನೇರವಾಗಿ ಗ್ರಹಿಸುತ್ತವೆ. ಮತ್ತೆ ಕೆಲವಕ್ಕೆ 'ಟು', 'ಫಾರ್', 'ಅಟ್' ಮೊದಲಾದ ಪ್ರಿಪೊಸಿಷನ್ನುಗಳ ಮಧ್ಯಸ್ಥಿಕೆ ಬೇಕು. ನಾಮಪದಕ್ಕೆ ಮೊದಲು ನಿಂತು ಸಂಬಂಧವನ್ನು ಸೂಚಿಸುವ ಈ ಪದಗಳನ್ನು ಪೂರ್ವಾವ್ಯಯಗಳೆಂದು ಕರೆಯೋಣ. 'ರೀಚ್' ಎಂಬುದಕ್ಕೆ ಪೂರ್ವಾವ್ಯಯ ಬೇಡ. ಅದೇ ಅರ್ಥದ 'ಅರೈವ್' ಎಂಬುದಕ್ಕೆ 'ಅಟ್' ಬೇಕು. 'ಅವೇಟ್' ಒಂಟಿಯಾಗಿ ನಿಲ್ಲುತ್ತದೆ. 'ವೇಯ್ಟ್' ಎಂಬುದು 'ಫಾರ್' ಅನ್ನು ಅಪೇಕ್ಷಿಸುತ್ತದೆ. ಇದೆಲ್ಲ ರೂಢಿ, ಬಾಯಿಪಾಠವೇ ಗತಿ ಎಂದು ಹೇಳಿ ಉಪಾಧ್ಯಾಯರು ಮುಂದೆ ಸಾಗುವುದುಂಟು. ರೂಢಿಯ ಪ್ರಾಬಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ರೂಢಿಗೊಂದು ಚರಿತ್ರೆಯಿದೆ, ಅರ್ಥಭೇದವೂ ಇದೆ. ಅವೆರಡನ್ನೂ ಸಂಕ್ಷೇಪವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

೧. ಚರಿತ್ರೆ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಭಾಷೆಗಳಲ್ಲಿರುವಂತೆಯೇ ವಿಭಕ್ತಿಪ್ರತ್ಯಯಗಳಿದ್ದುವು. 'ಹೆಲ್ಪ್', 'ಫಾಲೊ', 'ಆನ್ಸರ್' ಎಂಬ ಕ್ರಿಯೆಗಳ ಪೂರ್ವರೂಪಗಳು ಆಗ ಚತುರ್ಥಿಯನ್ನು ಬಯಸುತ್ತಿದ್ದುವು. ಸೋದರಭಾಷೆಯಾದ ಜರ್ಮನಿನಲ್ಲಿ ಅವುಗಳ ಸಮಾನಾರ್ಥಕಗಳು ಇಂದಿಗೂ ಚತುರ್ಥಿಯನ್ನೇ ಬಯಸುತ್ತವೆ. ಪ್ರತ್ಯಯಗಳು ಸವೆದು ದ್ವಿತೀಯೆಗೂ ಚತುರ್ಥಿಗೂ ಇದ್ದ ರೂಪಭೇದ ಅಳಿದ ಮೇಲೆ ಇಂಗ್ಲಿಷಿನಲ್ಲಿ ಅವು ಸಾಮಾನ್ಯ ಸಕರ್ಮಕಗಳೊಡನೆ ಬೆರೆತುಹೋದುವು. ಕನ್ನಡದ ವಿದ್ಯಾರ್ಥಿಯಾದರೋ 'ಪ್ರಶ್ನೆಗೆ ಉತ್ತರಿಸು' ಎಂಬಲ್ಲಿಯ ಚತುರ್ಥಿಯನ್ನು ಅನುಸರಿಸಿ 'ಆನ್ಸರ್' ಕ್ರಿಯೆಯ ಮುಂದೆ 'ಟು' ಹಚ್ಚುತ್ತಾನೆ. ಅವನ ತಪ್ಪಿಗೂ ಒಂದು ನ್ಯಾಯವಿದೆ.

ಫ್ರೆಂಚಿನಿಂದ ಬಂದ 'ಒಬೇ' ಎಂಬ ಕ್ರಿಯೆ ೧೬೧೧ರ ಬೈಬಲ್ ಭಾಷಾಂತರದಲ್ಲಿ ಒಂದೆಡೆ 'ಟು' ಸಹಿತವಾಗಿಯೇ ಬಂದಿದೆ; ಈಗ ಆ ಅವ್ಯಯ ಬಿದ್ದುಹೋಗಿದೆ. 'ಅರೈವ್' ಎಂಬುದರ ಮೂಲಾರ್ಥ 'ದಡಕ್ಕೆ ಬರು' ಎಂದು. ದಡವೆಂಬ ಅರ್ಥ ಶಬ್ದದೊಳಗೇ ಅಡಗಿದ್ದುದರಿಂದ, ಸೇರಿದ ಸ್ಥಳವನ್ನು ಬೇರೆಯಾಗಿ ಅವ್ಯಯದ ಮೂಲಕ ಹೇಳುವುದು ಸಹಜವೇ ಆಗಿದೆ.

ಇನ್ನು 'ಮೋನ್' ಎಂಬ ಅಕರ್ಮಕಕ್ಕೆ ಶೋಕದ ವಿಷಯವನ್ನು ಹೇಳಲು 'ಓವರ್' ಮೊದಲಾದುವು ಬೇಕು. 'ಬಿ' ಎಂಬ ಉಪಸರ್ಗವನ್ನು ಸೇರಿಸಿ 'ಬಿಮೋನ್' ಎಂದರೆ ಅವ್ಯಯ ಬೇಡ. ಕ್ರುಧ್, ದ್ರುಹ್ ಧಾತುಗಳ ಕೋಪಕ್ಕೆ ಗುರಿಯಾದವನಿಗೆ ಚತುರ್ಥಿಯನ್ನು ವಿಧಿಸಿ, ಅವೇ ಧಾತುಗಳು ಉಪಸರ್ಗಸಹಿತವಾದಾಗ ಅವನನ್ನು ಕರ್ಮವೆಂದೇ ಪಾಣಿನಿ ಹೇಳಿರುವುದನ್ನು ಬಲ್ಲವರಿಗೆ ಈ ಪ್ರಕ್ರಿಯೆ ಅಪರಿಚಿತವಲ್ಲ.

೨. ಅರ್ಥಭೇದ. ನಮ್ಮ 'ಕೇಳು' ಎಂಬ ಒಂದೇ ಧಾತುವಿಗೆ ಇಂಗ್ಲಿಷಿನಲ್ಲಿ ನಾಲ್ಕು ರೂಪಗಳಿವೆ. ಶಬ್ದ ತಾನಾಗಿ ಕಿವಿಗೆ ಬಿದ್ದರೆ 'ಹಿಯರ್'. ಮನಸ್ಸಿಟ್ಟು ಆಲಿಸಿದರೆ 'ಲಿಸನ್ ಟು'. ಪ್ರಶ್ನೆಯನ್ನು ಕೇಳಿದರೆ 'ಆಸ್ಕ್'. ವಸ್ತುವನ್ನು ಬೇಡಿದರೆ 'ಆಸ್ಕ್ ಫಾರ್'. 'ನೋಡು' ಎಂಬುದಕ್ಕೂ 'ಸೀ', 'ಲುಕ್ ಅಟ್' ಎಂಬ ಭೇದ ಹೀಗೆಯೇ ಉಂಟು. ಇಂಥ ಜೋಡಿಗಳಲ್ಲಿ ಅವ್ಯಯವು ಬಹುಶಃ ಕರ್ತೃವಿನ ಪ್ರಯತ್ನವು ಯಾವ ಕಡೆಗೆ ತಿರುಗಿದೆಯೆಂಬುದನ್ನು ತೋರಿಸುತ್ತದೆ; ಫಲ ದೊರೆಯಿತೆಂದು ಹೇಳುವುದಿಲ್ಲ. ಹಕ್ಕಿಯನ್ನು 'ಶೂಟ್' ಮಾಡಿದನೆಂದರೆ ಗುಂಡು ತಗುಲಿತು. ಹಕ್ಕಿಯ ಮುಂಚೆ 'ಅಟ್' ಬಂದರೆ ಗುರಿಯಿಟ್ಟು ಹೊಡೆದನೆಂದಷ್ಟೇ ಅರ್ಥ, ಹಕ್ಕಿ ಹಾರಿಹೋಗಿರಬಹುದು.

'ಮನೆಯನ್ನು ಹುಡುಕಿದನು' ಎಂಬ ನಮ್ಮ ವಾಕ್ಯಕ್ಕೆ ಎರಡು ಅರ್ಥಗಳಿವೆ. ಮನೆಯೊಳಗೆಲ್ಲ ಶೋಧಿಸಿದನೆಂದಾದರೆ ಇಂಗ್ಲಿಷಿನಲ್ಲಿ ಬರಿಯ 'ಸರ್ಚ್' ಸಾಕು. ಮನೆಯೆಲ್ಲಿದೆಯೆಂದು ಅರಸಿದನೆಂದಾದರೆ 'ಸರ್ಚ್ ಫಾರ್' ಆಗಬೇಕು. ಮನೆಯ ಸ್ಥಾನದಲ್ಲಿ ಮನುಷ್ಯನನ್ನಿಟ್ಟರೆ, ಮೊದಲನೆಯದು ಎದುರಿಗೆ ನಿಂತವನ ಮೈತಡವಿ ನೋಡುವುದು; ಎರಡನೆಯದು ಕಾಣೆಯಾದವನನ್ನು ಅರಸುವುದು. ಸಾಕ್ಷಿಯ ಹೇಳಿಕೆಯನ್ನು ಭಾಷಾಂತರಿಸುವವನು ಇಲ್ಲಿ ಎಡವಿದರೆ ನಡೆದ ಸಂಗತಿಯೇ ಬೇರೆಯಾದೀತು.

೩. ನಾಮ ಮತ್ತು ಕ್ರಿಯೆ. 'ಡಿಸ್ಕಸ್' ಎಂಬುದಕ್ಕೆ 'ಅಬೌಟ್' ಸೇರಿಸುವುದು ನಮ್ಮ ದೇಶದಲ್ಲಿ ಬಹು ವ್ಯಾಪಕವಾದ ಪ್ರಯೋಗ. ಇದಕ್ಕೆ ಒಂದು ಕಾರಣ 'ಡಿಸ್ಕಷನ್' ಎಂಬ ನಾಮಪದದ ಸಾದೃಶ್ಯವೆಂದು ತೋರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯೆಯಿಂದ ಹುಟ್ಟಿದ ಇಂಥ ನಾಮಕ್ಕೆ ಕರ್ಮವನ್ನು ನೇರವಾಗಿ ಗ್ರಹಿಸುವ ಶಕ್ತಿಯಿಲ್ಲ. ಅಲ್ಲಿ ಅವ್ಯಯ ಅವಶ್ಯಕ. 'ರಿಕ್ವೆಸ್ಟ್' ನಾಮವಾದಾಗ 'ಫಾರ್', 'ಆನ್ಸರ್' ನಾಮವಾದಾಗ 'ಟು' ಬರುತ್ತವೆ. ಕ್ರಿಯೆಯಾದಾಗ ಅವು ಬೇಡ. ನಾವೂ 'ವಿಷಯವನ್ನು ಚರ್ಚಿಸು' ಎಂದರೂ 'ವಿಷಯದ ಚರ್ಚೆ' ಎನ್ನುತ್ತೇವೆ. ಸಂಸ್ಕೃತದಲ್ಲಿ ಕೃದಂತದ ಯೋಗದಲ್ಲಿ ಕರ್ಮಕ್ಕೆ ಷಷ್ಠಿ ಬರುವುದೂ ಇದೇ ಜಾತಿಯ ನಿಯಮ. ಈ ಒಂದು ಸಾಮ್ಯವನ್ನು ತೋರಿಸಿದರೆ ಹತ್ತಾರು ತಪ್ಪುಗಳು ಒಟ್ಟಿಗೆ ತಿದ್ದಿಕೊಳ್ಳುತ್ತವೆ.

೪. ಕರ್ಮಣಿಪ್ರಯೋಗ. ಕರ್ಮವು ವಾಕ್ಯದ ಮೊದಲಿಗೆ ಸರಿದಾಗ ಅವ್ಯಯ ಅದರೊಡನೆ ಸರಿಯದೆ ಕ್ರಿಯೆಯ ಬಳಿಯಲ್ಲೇ ಉಳಿಯುತ್ತದೆ. 'ದಿ ಡಾಕ್ಟರ್ ವಾಸ್ ಸೆಂಟ್ ಫಾರ್' ಎಂದರೆ ವೈದ್ಯನಿಗೆ ಹೇಳಿಕಳುಹಿಸಲಾಯಿತೆಂದು ಅರ್ಥ. ಕೊನೆಯ ಪದ ಅನಾಥವಾಗಿ ನಿಂತಿದೆಯೆಂದು ಅದನ್ನು ತೆಗೆದುಹಾಕಿದರೆ, ಬರಬೇಕಾದ ವೈದ್ಯನನ್ನು ಎಲ್ಲಿಗೋ ಕಳುಹಿಸಿಬಿಟ್ಟಂತಾಗುತ್ತದೆ.

ಆದುದರಿಂದ ಇಂಗ್ಲಿಷ್ ಕ್ರಿಯೆಗಳನ್ನು ಅಕಾರಾದಿಯಾಗಿ ಪಟ್ಟಿಮಾಡಿ ಒಪ್ಪಿಸುವುದಕ್ಕಿಂತ, 'ಕೇಳು', 'ನೋಡು', 'ಹುಡುಕು', 'ಕಾಯು' ಮೊದಲಾದ ಕನ್ನಡ ಧಾತುಗಳ ಕೆಳಗೆ ಅವುಗಳ ಇಂಗ್ಲಿಷ್ ರೂಪಗಳನ್ನು ಅರ್ಥಭೇದ ಸಹಿತವಾಗಿ ಬರೆಯಿಸುವುದು ಮೇಲು. ವಿದ್ಯಾರ್ಥಿಯ ತಪ್ಪು ಹುಟ್ಟುವುದು ಅವನ ಮಾತೃಭಾಷೆಯ ವಿಭಕ್ತಿಯಲ್ಲಿ. ತಿದ್ದುವಿಕೆಯೂ ಅಲ್ಲಿಂದಲೇ ಆರಂಭವಾಗತಕ್ಕದ್ದು.